ಮಡಿಕೇರಿಯಲ್ಲಿ ಎರಡು ಟನ್ ಎ.ಸಿ.!

ಇವತ್ತು ಒಂದು ಹೊಸ ಹೋಮ್‌ಸ್ಟೇಗೆ ವಯರಿಂಗ್ ಎಸ್ಟಿಮೇಟ್ ಹಾಕಲಿಕ್ಕೆ ಹೋಗಿದ್ದೆ. ಬಂದು ಎರಡು ಲೋಟ ಕಾಫಿ ಕುಡಿದರೂ ತಲೆಬಿಸಿ ಇಳಿದಿಲ್ಲ.

ಪಶ್ಚಿಮಕ್ಕೆ ಮುಖ. ನೆಲದಿಂದ ತಾರಸಿವರೆಗೆ ಬರೀ ಗಾಜು. ಮೇಲೆ ಹೊರಚಾಚಿದ ಸೂರು ಒಂದು ಗೇಣೂ ಇಲ್ಲ. "ಅಣ್ಣ, ಮಾರ್ಚ್‌ನಲ್ಲಿ ಮಧ್ಯಾಹ್ನ ಒಳಗೆ ಕೂರಲಿಕ್ಕೆ ಆಗೋದಿಲ್ಲ, ರೂಮಿಗೆ ಎರಡು ಟನ್ ಎ.ಸಿ. ಪಾಯಿಂಟ್ ಕೊಡಿ. ಮಳೆಗಾಲಕ್ಕೆ ಹೀಟರ್ ಪಾಯಿಂಟೂ ಇರಲಿ" ಅಂದರು ಮಾಲೀಕರು. ಸಮುದ್ರಮಟ್ಟದಿಂದ 1,100 ಮೀಟರ್‌ಗೂ ಎತ್ತರದ ಊರು ಮಾರಾಯ್ರೆ ಇದು! ನನ್ನ ಅಪ್ಪನ ಮನೆಯಲ್ಲಿ ಫ್ಯಾನೇ ಇರಲಿಲ್ಲ.

ಸಾದಾ ಗಾಜಿಗೆ ನೇರ ಬಿಸಿಲು ಬಿದ್ದರೆ ನೂರರಲ್ಲಿ ಸುಮಾರು ಎಂಬತ್ತು ಪಾಲು ಶಾಖ ಒಳಗೆ ಬರುತ್ತದೆ. ಜುಲೈ ರಾತ್ರಿ ಅದೇ ಗಾಜು, ಒಂಬತ್ತಿಂಚಿನ ಇಟ್ಟಿಗೆ ಗೋಡೆಗಿಂತ ಎರಡು ಪಟ್ಟಿಗೂ ಜಾಸ್ತಿ ವೇಗದಲ್ಲಿ ಒಳಗಿನ ಬಿಸಿಯನ್ನು ಹೊರಗೆ ಕಳಿಸುತ್ತದೆ. ಬೇಸಿಗೆಗೆ ಒಂದು ಕರೆಂಟ್ ಬಿಲ್ಲು, ಮಳೆಗಾಲಕ್ಕೆ ಇನ್ನೊಂದು.

ಜೋಧ್‌ಪುರದವರು ದಪ್ಪ ಕಲ್ಲುಗೋಡೆ ಕಟ್ಟಿದ್ದು ಹಗಲಿನ ಸುಡುಬಿಸಿಲು ಒಳಗೆ ತಲುಪುವಷ್ಟರಲ್ಲಿ ರಾತ್ರಿಯಾಗಲಿ ಅಂತ. ಮಂಗಳೂರಿನ ಸೆಕೆಗೆ ಗಾಳಿ ಆಡಬೇಕು, ನೆರಳು ಬೇಕು. ಕೊಡಗಿನ ಮಳೆಗೆ ನಮಗೆ ಬೇಕಾದದ್ದು ಗೋಡೆ ಒಣಗಿರುವುದು. ಒದ್ದೆ ಗೋಡೆ ಶಾಖ ಹಿಡಿದಿಡುವುದಿಲ್ಲ. ನಮ್ಮ ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲ ಮನೆಗಳು) ಮುಂದೆ ಕೈಯಾಲೆ ಅಂದರೆ ಜಗಲಿ, ಅದರ ಮೇಲೆ ತಗ್ಗಿದ ಹಂಚಿನ ಮಾಡು ಸುಮ್ಮನೆ ಚಂದಕ್ಕೆ ಬಂದದ್ದಾ? ಎರಚಲು ಗೋಡೆಗೆ ತಾಗಬಾರದು, ಅಷ್ಟೇ.

"ಗೆಸ್ಟ್‌ಗೆ ವ್ಯೂ ಬೇಕಲ್ಲ" ಅಂತೀರಿ. ಬೇಕು, ಒಪ್ಪಿದೆ. ಕೈಯಾಲೆಯಲ್ಲಿ ಕುರ್ಚಿ ಹಾಕಿ ಕೂತರೆ ವ್ಯೂ ಏನು ಓಡಿಹೋಗ್ತದಾ? ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಹೇಗೂ ಕಾಣುವುದು ಮಂಜು ಮಾತ್ರ. ಅದನ್ನು ನೋಡಲಿಕ್ಕೆ ಹನ್ನೆರಡು ಅಡಿ ಗಾಜು!

ಕಾನೂನು ಇಲ್ಲವೇ ಅಂದರೆ ಇದೆ. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಲ್ಲೇ ಬಂತು, ದೇಶವನ್ನು ಐದು ಹವಾಮಾನ ವಲಯ ಮಾಡಿ ಗೋಡೆ, ಗಾಜಿಗೆ ಬೇರೆ ಬೇರೆ ಲೆಕ್ಕ ಕೊಟ್ಟಿತು. ಆದರೆ 2017ರ ಆವೃತ್ತಿಯಲ್ಲೂ ಅದು ನೂರು ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಲೋಡಿನ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ. ಆರು ರೂಮಿನ ಹೋಮ್‌ಸ್ಟೇಯನ್ನು ಯಾರು ಕೇಳ್ತಾರೆ?

ಇಷ್ಟು ಕೂಗಾಡುವವ ನಾನೇನು ಸಾಚಾ ಅಲ್ಲ. ಮನೆ 'ಮಾಡರ್ನ್' ಕಾಣಲಿ ಅಂತ ಅಪ್ಪ ಕಟ್ಟಿದ್ದ ಮೂರಡಿ ಸೂರನ್ನು ನಾನೇ ಕಡಿಸಿದೆ. ಅಪ್ಪ ಏನೂ ಅನ್ನಲಿಲ್ಲ, ತೋಟದ ಕಡೆ ಹೋದರು. ಈಗ ಜೂನ್ ಬಂತೆಂದರೆ ಪಡುಗೋಡೆ ತುಂಬಾ ಬೂಷ್ಟು, ಮಗಳ ಯೂನಿಫಾರ್ಮ್ ಒಣಗಿಸಲಿಕ್ಕೆ ರಾತ್ರಿಯಿಡೀ ಹೀಟರ್.

ಹೋಮ್‌ಸ್ಟೇಯವರಿಗೆ "ಮೊದಲು ನಾಲ್ಕಡಿ ಸೂರು ಇಳಿಸಿ, ಎ.ಸಿ. ಬೇಕಾ ಅಂತ ಆಮೇಲೆ ನೋಡುವ" ಅಂದೆ. ನಕ್ಕರು. ಎಸ್ಟಿಮೇಟ್ ಕೊಟ್ಟೆಯಾ ಅಂತ ಕೇಳ್ತೀರಲ್ಲ? ಕೊಟ್ಟೆ. ನಾಳೆ ಕೇಬಲ್ ತರಲಿಕ್ಕೆ ಕುಶಾಲನಗರಕ್ಕೆ ಹೋಗ್ತಾ ಇದ್ದೇನೆ.