ಎರಡೇ ನಿಮಿಷ ಸ್ವಾಮಿ!

ಶಾಲೆಯ ಗೇಟಿನ ಮುಂದಿನ ರಸ್ತೆ ಸ್ವಭಾವದಲ್ಲಿ ಬಹಳ ಒಳ್ಳೆಯದು. ಪಾಠ ನಡೆಯುವ ಹೊತ್ತಿಗೆ ಹೋಗಿ ನೋಡಿ, ನಡುರಸ್ತೆಯಲ್ಲೇ ಬೆಕ್ಕು ಕೂತು ಮೈ ನೆಕ್ಕಿಕೊಳ್ಳುತ್ತಿರುತ್ತದೆ. ಅಪಾಯ ಅನ್ನುವುದು ಅಲ್ಲಿಗೆ ಬರುವುದು ದಿನಕ್ಕೆ ಎರಡೇ ಸಲ. ಅದೂ ಸರಿಯಾಗಿ, ಮಕ್ಕಳನ್ನು ಅಪಾಯದಿಂದ ಕಾಪಾಡಲು ಅಪ್ಪ ಅಮ್ಮಂದಿರು ಕಾರು ತರುವ ಹೊತ್ತಿಗೆ.

"ಮನೆ ಹತ್ತಿರವೇ ಅಲ್ವಾ, ನಡೆಸಿಕೊಂಡು ಬರಬಹುದಲ್ಲ?" ಅಂತ ಯಾರನ್ನಾದರೂ ಕೇಳಿ ನೋಡಿ. "ಅಯ್ಯೋ, ಈ ಟ್ರಾಫಿಕ್ಕಿನಲ್ಲಾ?" ಅನ್ನುತ್ತಾರೆ. ಹಾಗೆ ಅನ್ನುತ್ತಲೇ ಕಾರನ್ನು ರಿವರ್ಸ್ ತೆಗೆಯುತ್ತಾರೆ. ಟ್ರಾಫಿಕ್ ಅಂದರೆ ಯಾವಾಗಲೂ ಬೇರೆಯವರ ಕಾರು. ನಮ್ಮದು ಅದರಲ್ಲಿ ಪಾಪ ಸಿಕ್ಕಿಹಾಕಿಕೊಂಡಿರುತ್ತದೆ, ಅಷ್ಟೇ.

ಈಗ ಇದೇ ಮನೆ, ಇದೇ ಶಾಲೆ, ಇದೇ ರಸ್ತೆ. "ಮಗುವಿಗೆ ಸೀಟ್ ಬೆಲ್ಟ್ ಹಾಕಿಲ್ಲವಲ್ಲ?" ಅಂತ ಕೇಳಿ. "ಇಲ್ಲೇ ಹತ್ತಿರ ಸ್ವಾಮಿ, ಎರಡೇ ನಿಮಿಷ!" ನೋಡಿ, ಭೂಗೋಳದಲ್ಲಿ ಇಂಥ ಪವಾಡ ಬೇರೆಲ್ಲೂ ಇಲ್ಲ. ನಡೆಯಲು ದೂರ, ಬೆಲ್ಟ್ ಹಾಕಲು ಹತ್ತಿರ.

ಮೂರು ಕಡೆ ಹಿಡಿದುಕೊಳ್ಳುವ ಈ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಇದು ಎಲ್ಲರಿಗೂ ಬೇಕಾದ್ದು ಅಂತ ಕಂಪನಿ ಬೇರೆ ಕಾರು ತಯಾರಕರಿಗೂ ಅದನ್ನು ಬಳಸಲು ಬಿಟ್ಟುಕೊಟ್ಟಿತು. ಅಷ್ಟು ಧಾರಾಳವಾಗಿ ಕೊಟ್ಟ ಬೆಲ್ಟನ್ನು ನಾವೂ ತಪ್ಪದೆ ಬಳಸುತ್ತೇವೆ. ಮುಂದಿನ ಸೀಟಿನ ಮೇಲೆ ಬ್ಯಾಗ್ ಇಟ್ಟರೆ ಕಾರು ಕುಂಯ್ ಕುಂಯ್ ಅನ್ನುತ್ತದೆ, ಅದಕ್ಕೆ ಬ್ಯಾಗಿಗೆ ಬೆಲ್ಟ್. ಮಗು ಎರಡು ಸೀಟಿನ ನಡುವೆ ನಿಂತು ಮುಂದಿನ ಗಾಜಿನಲ್ಲಿ ಲೋಕ ನೋಡುತ್ತಿರುತ್ತದೆ. ಅದು ಕುಂಯ್ ಅನ್ನುವುದಿಲ್ಲವಲ್ಲ.

ಇನ್ನು ಕೆಲವರದು ಇನ್ನೂ ಗಟ್ಟಿ ವ್ಯವಸ್ಥೆ. ಮಗು ತೊಡೆಯ ಮೇಲೆ. "ನಾನು ಹಿಡ್ಕೊಂಡಿದೀನಲ್ಲ!" ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗೋಡೆಗೆ ಗುದ್ದುವುದೂ ಒಂದೇ, 10 ಮೀಟರ್ ಮೇಲಿನಿಂದ, ಅಂದರೆ ಮೂರನೇ ಮಹಡಿಯಿಂದ ನೆಲಕ್ಕೆ ಬೀಳುವುದೂ ಹೆಚ್ಚುಕಡಿಮೆ ಒಂದೇ. ಆ ಗಳಿಗೆಯಲ್ಲಿ 10 ಕಿಲೋ ಮಗುವನ್ನು ತಡೆಯಲು ಅದರ ತೂಕದ ಹತ್ತಾರು ಪಟ್ಟು ಬಲ ಬೇಕು. ಆದರೂ ಅಪ್ಪಂದಿರಿಗೆ ತಮ್ಮ ತೋಳಿನ ಮೇಲೆ ಭಾರಿ ನಂಬಿಕೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಬಾರದ ತೋಳೇ ಇರಬಹುದು. ಮುಂದಿನ ಸೀಟಾದರೆ ಎದುರಿಗೆ ಏರ್‌ಬ್ಯಾಗ್ ಬೇರೆ ಕಾದಿರುತ್ತದೆ. ಕಣ್ಣು ಮಿಟುಕಿಸುವ ಮೊದಲೇ ಸಿಡಿದು ಉಬ್ಬುವ ಅದು ಬೆಲ್ಟ್ ಕಟ್ಟಿದ ದೊಡ್ಡವರ ಅಳತೆಗೆ ಮಾಡಿದ್ದು. ತೊಡೆಯ ಮೇಲಿನ ಮಗುವಿಗೆ ಅದು ಕಾಪಾಡುವ ದಿಂಬಲ್ಲ, ಹೊಡೆತ.

ಯುರೋಪಿನಲ್ಲಂತೂ ಮಗು 135 ಸೆಂಟಿಮೀಟರ್, ಕೆಲವು ದೇಶಗಳಲ್ಲಿ 150 ಸೆಂಟಿಮೀಟರ್ ಎತ್ತರ ಆಗುವ ತನಕ ಮಕ್ಕಳ ಸೀಟು ಬೇಕೇ ಬೇಕು. ಇಲ್ಲದಿದ್ದರೆ ದೊಡ್ಡವರ ಬೆಲ್ಟ್ ಅದರ ಕುತ್ತಿಗೆಗೂ ಹೊಟ್ಟೆಗೂ ಬರುತ್ತದೆ. ನಮ್ಮ ಲೆಕ್ಕ ಬೇರೆ. ಮಗು "ನಂಗೆ ಆ ಸೀಟು ಬೇಡ" ಅನ್ನಲು ಕಲಿತ ದಿನವೇ ದೊಡ್ಡದಾಯಿತು.

ಮಗು ದೊಡ್ಡದಾದ ಮೇಲೆ ಕಾರೂ ದೊಡ್ಡದಾಗಬೇಕಲ್ಲ. ಪಕ್ಕದ ಮನೆಯವರು ಎತ್ತರದ ಕಾರು ತಂದರೆ, ನಮ್ಮ ಮಗು ತಗ್ಗಿನ ಕಾರಿನಲ್ಲಿ ಹೋಗುತ್ತಿದೆಯಲ್ಲ ಅಂತ ನಿದ್ದೆ ಬರುವುದಿಲ್ಲ. ಸರಿ, ನಾವೂ ತರುತ್ತೇವೆ. ಬಾನೆಟ್ ಎತ್ತರವಾದಷ್ಟೂ ಅದರ ಮೂತಿಯ ಮುಂದಿನ ನೆಲ ಡ್ರೈವರ್ ಕಣ್ಣಿಗೆ ಬೀಳುವುದಿಲ್ಲ. ಒಂದು ಮೀಟರ್ ಎತ್ತರದ ಮಗು ಅಲ್ಲಿ ನಿಂತರೆ ಮಾಯ. ಆದರೆ ಆ ಮಗು ಬೇರೆಯವರದು, ನಮ್ಮದು ಒಳಗೆ ಕ್ಷೇಮವಾಗಿದೆ. ಅದು ಇಳಿಯುವ ತನಕ.

ಹಿಂದೆ ನೋಡಲು ಕ್ಯಾಮೆರಾ ಇದೆ ಅಂತೀರಾ? ನಿಜ. ಆದರೆ ಆ ಹೊತ್ತಿಗೆ ಡ್ರೈವರ್ ನೋಡುವ ಪರದೆ ಬೇರೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ "ಗೇಟಿನ ಹತ್ತಿರ ತುಂಬಾ ರಶ್, ಎಲ್ಲರೂ ಹುಷಾರಾಗಿ ಓಡಿಸಿ" ಅಂತ ಅವರು ಆ ರಶ್ಶಿನೊಳಗಿಂದಲೇ ಟೈಪ್ ಮಾಡುತ್ತಿರುತ್ತಾರೆ.

ಗೇಟಿಗೆ ಬಂದಾಯಿತು. ಐವತ್ತು ಹೆಜ್ಜೆ ಹಿಂದೆ ಖಾಲಿ ಜಾಗ ಇದೆ, ಆದರೆ ಅಲ್ಲಿ ನಿಲ್ಲಿಸುವುದು ಅವಮಾನ. ಗೇಟಿಗೆ ಮುಟ್ಟಿಸಿಯೇ ನಿಲ್ಲಿಸಬೇಕು. ಜೀಬ್ರಾ ಪಟ್ಟೆ ಇದ್ದರೆ ಇನ್ನೂ ಚೆನ್ನ, ಯಾರೋ ನಮಗೋಸ್ಕರವೇ ಬಣ್ಣ ಬಳಿದಂತಿದೆ! ಆಮೇಲೆ ಆ ಕೆಂಪು ತ್ರಿಕೋನದ ಗುಂಡಿ. ಅದನ್ನು ಒತ್ತಿ ನಾಲ್ಕೂ ದೀಪ ಮಿನುಗಿಸಿದರೆ ಮುಗಿಯಿತು, ಆ ಜಾಗಕ್ಕೆ ರಸ್ತೆ ನಿಯಮ ಅನ್ವಯಿಸುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಬಂದು ಅವರೂ ಮಿನುಗಿಸುತ್ತಾರೆ. ಎರಡು ಸಾಲು ಕಾರಿನ ಸಂದಿಯಿಂದ ಮಕ್ಕಳು ಓಡಿಕೊಂಡು ಹೊರಬರುತ್ತವೆ. ಕಾರಿನ ಬಾಗಿಲು ಫುಟ್‌ಪಾತ್ ಕಡೆ ತೆಗೆಯಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಪಾಪ, ಸೈಕಲ್ಲಿನಲ್ಲಿ ಬರುವ ಹುಡುಗಿಯೊಬ್ಬಳಿಗೆ ಮಾತ್ರ ಅದು ಗೊತ್ತಿದೆ.

ವೇಗದ ವಿಷಯ ಬಿಡಬಾರದು. 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ನಾನಾ ದೇಶಗಳ ಮಂತ್ರಿಗಳು, ಜನ ನಡೆದಾಡುವ ಜಾಗದಲ್ಲಿ ಗಂಟೆಗೆ 30 ಕಿಲೋಮೀಟರ್ ಸಾಕು ಅಂದರು. ಅದು 50 ಆದರೆ ಗುದ್ದಿನ ಶಕ್ತಿ ಎರಡೂವರೆ ಪಟ್ಟಿಗಿಂತ ಜಾಸ್ತಿ. ನಮ್ಮವರು ಗೇಟಿನ ಮುಂದೆ 30 ಮೀರುವುದೇ ಇಲ್ಲ, ಅಲ್ಲಿ ಮೂರಕ್ಕೇ ಜಾಗವಿಲ್ಲ. ಮಗುವನ್ನು ಇಳಿಸಿದ ಮೇಲೆ ಹಿಂದಿನ ಬೀದಿಯಲ್ಲಿ ಬಡ್ಡಿ ಸಮೇತ ವಸೂಲಿ. ಅಲ್ಲಿ ನಡೆದು ಬರುವ ಮಕ್ಕಳಿಗೆ ಅವರ ಅಪ್ಪ ಅಮ್ಮ ಕಾರು ಕೊಡಿಸಬಾರದಿತ್ತೇ!

ರಸ್ತೆ ಸುರಕ್ಷತಾ ಸಪ್ತಾಹದ ನಾಟಕ ನೋಡಿದ್ದೀರಾ? ಪೋಷಕರೆಲ್ಲ ಫುಟ್‌ಪಾತ್ ಮೇಲೆ ಕಾರು ಹತ್ತಿಸಿ ಬಂದು ಚಪ್ಪಾಳೆ ತಟ್ಟುತ್ತಾರೆ. ಸೀಟ್ ಬೆಲ್ಟಿನ ಪಾತ್ರ ಮಾಡಿದ ಹುಡುಗ ಬಹುಮಾನ ಹಿಡಿದು, ಎರಡು ಸೀಟಿನ ನಡುವೆ ನಿಂತು ಮನೆಗೆ ಹೋಗುತ್ತಾನೆ.

ಪರಿಹಾರ ಇಲ್ಲವೆಂದಲ್ಲ. ಇಟಲಿಯ ಬೋಲ್ಜಾನೋ ಊರಿನವರು ಎಷ್ಟೋ ವರ್ಷದ ಹಿಂದೆಯೇ, ಶಾಲೆ ಶುರುವಾಗುವಾಗ ಮತ್ತು ಬಿಡುವಾಗ ಸ್ವಲ್ಪ ಹೊತ್ತು ಅದರ ಮುಂದಿನ ರಸ್ತೆಗೆ ಕಾರು ಬಿಡದಂತೆ ಅಡ್ಡಗಟ್ಟೆ ಇಟ್ಟರು. ಈಗ ಬೇಕಾದಷ್ಟು ಕಡೆ ಹೀಗೆ ಮಾಡುತ್ತಾರೆ. ಇದನ್ನು ಪೋಷಕರ ಸಭೆಯಲ್ಲಿ ಹೇಳಿ ನೋಡಿ, ಒಬ್ಬರೂ ವಿರೋಧಿಸುವುದಿಲ್ಲ. ಎಂಥ ಒಳ್ಳೆ ಯೋಚನೆ ಅಂತ ಎಲ್ಲರೂ ಒಪ್ಪುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಕೈ ಎತ್ತುತ್ತಾರೆ. ತಮ್ಮ ಕಾರಿಗೆ ಪಾಸ್ ಎಲ್ಲಿ ಕೊಡುತ್ತೀರಿ ಅಂತ ಕೇಳಲು.