ರೂಮು ಉಂಟು, ಮಗುವಿಗೆ ಇಲ್ಲ

ಉಡುಪಿಯವರಿಗೆ ಹೋಟೆಲ್ ಅಂದರೆ ತಿನ್ನುವ ಜಾಗ. ಮಲಗುವ ಜಾಗಕ್ಕೆ ನಾವು ಲಾಡ್ಜ್ ಅನ್ನುತ್ತೇವೆ. ಊರೂರಿಗೆ ಹೋಗಿ ಇಡ್ಲಿ ಸಾಂಬಾರ್ ಬಡಿಸಿದವರು ನಾವು ಎಂಬ ಹೆಮ್ಮೆ ನಮಗೆ ಸ್ವಲ್ಪ ಜಾಸ್ತಿಯೇ ಉಂಟು. ಆದರೆ ಇಷ್ಟು ವರ್ಷ ಇದೇ ಊರಲ್ಲಿದ್ದೂ ನಾನು ಇಲ್ಲಿನ ಒಂದು ಲಾಡ್ಜಿನ ಮೆಟ್ಟಿಲು ಹತ್ತಿದವನಲ್ಲ. ಸ್ವಂತ ಊರಲ್ಲಿ ಯಾರು ಲಾಡ್ಜಿಗೆ ಹೋಗ್ತಾರೆ? ಹೋದರೂ ಯಾರು ಹೇಳ್ತಾರೆ?

ಡಿಸೆಂಬರ್ ರಜೆಯಲ್ಲಿ ಹತ್ತಬೇಕಾಯಿತು. ಬೆಂಗಳೂರಿನಿಂದ ತಂಗಿ ಹೊರಟಿದ್ದಳು. ಜೊತೆಗೆ ಅವಳ ಅತ್ತೆ, ಮತ್ತು ಆರು ವರ್ಷದ ಮಗ. ನಮ್ಮ ಮನೆಯಲ್ಲಿ ಹಂಚು ಇಳಿಸಿ ಮಾಡಿನ ಮರ, ಅಂದರೆ ಪಕ್ಕಾಸು, ರೀಪು ಬದಲಿಸುವ ಕೆಲಸ ನಡೀತಿತ್ತು. ಹೆಂಡತಿ ತವರಿಗೆ ಹೋಗಿ ಬಚಾವಾಗಿದ್ದಳು. ನಾನು ಜಗಲಿಯಲ್ಲಿ ಮಲಗುತ್ತಿದ್ದೆ. ಬೀಗರನ್ನು ಆಕಾಶದ ಕೆಳಗೆ ಮಲಗಿಸುವುದು ಹೇಗೆ ಅಂತ, "ಎರಡು ರಾತ್ರಿಗೆ ಒಂದು ರೂಮು ನೋಡ್ತೇನೆ" ಅಂದೆ. "ಜಾಸ್ತಿ ಖರ್ಚು ಬೇಡ ಅಣ್ಣಾ, ಕ್ಲೀನಾಗಿದ್ರೆ ಸಾಕು" ಅಂದಳು. ಪಾಪ, ಅವಳಿಗೂ ಗೊತ್ತಿರಲಿಲ್ಲ.

ಮೊದಲು ಮೊಬೈಲಿನಲ್ಲಿ ಹುಡುಕಿದೆ. ದೊಡ್ಡವರು 2, ಮಕ್ಕಳು 0 ಅಂತ ಹಾಕಿದಾಗ 1,499 ರೂಪಾಯಿಯ ಒಂದು ರೂಮು ಬಂತು. ಬಸ್‌ಸ್ಟ್ಯಾಂಡಿಗೂ ಹತ್ತಿರ, ಮಠಕ್ಕೂ ಹತ್ತಿರ. ಮಕ್ಕಳು 1 ಅಂತ ಮಾಡಿದೆ. ವಯಸ್ಸು ಕೇಳಿತು. ಸೊನ್ನೆಯಿಂದ 17ರವರೆಗೆ ಪಟ್ಟಿ ಇತ್ತು. ಮೀಸೆ ಬಂದವನನ್ನೂ ಮಗು ಅನ್ನುವ ಅದರ ಕರುಳು ದೊಡ್ಡದು ಅಂದುಕೊಂಡು 6 ಒತ್ತಿದೆ. 1,499ರ ರೂಮು ಮಾಯ. ಅದರ ಜಾಗದಲ್ಲಿ 3,800ರ ಫ್ಯಾಮಿಲಿ ಸೂಟ್ ಬಂದು ಕೂತಿತ್ತು. ಮಗುವನ್ನು ತೆಗೆದೆ. 1,499 ಮತ್ತೆ ಬಂತು. ಸೇರಿಸಿದೆ, ಹೋಯಿತು. ಆ ಸೂಟಿನ ಫೋಟೋದಲ್ಲಿ ಅಪ್ಪ, ಅಮ್ಮ, ನಡುವೆ ಹಾಸಿಗೆಯ ಮೇಲೆ ಕುಣಿಯುತ್ತಿರುವ ಒಂದು ಮಗು. ಅದರ ಅಪ್ಪನಿಗೆ ಎಷ್ಟು ಬಿಲ್ ಮಾಡಿದರೋ.

ಸುಮ್ನೆ ಇದೆಲ್ಲ ಯಾಕೆ, ನಮ್ಮ ಊರಲ್ವಾ, ಹೋಗಿ ಕೇಳಿದರಾಯಿತು ಅಂತ ಸ್ಕೂಟರ್ ತೆಗೆದೆ.

ಮೊದಲ ಲಾಡ್ಜಿನ ಕೌಂಟರಿಗೆ ಗಾಜು ಇತ್ತು. ಗಾಜಿನಲ್ಲಿ ಒಂದು ಸಣ್ಣ ಕಿಂಡಿ. ಉಡುಪಿಯವನಿಗೆ ಕಿಂಡಿಯಲ್ಲಿ ಇಣುಕುವುದು ಹೊಸತೇನಲ್ಲ. ಕನಕದಾಸರು ಹೊರಗೆ ನಿಂತು ಹಾಡಿದಾಗ ಕೃಷ್ಣನೇ ತಿರುಗಿ ನಿಂತನಂತೆ. ಇಲ್ಲಿ ಒಳಗಿದ್ದವರು ಕಂಪ್ಯೂಟರ್ ಬಿಟ್ಟು ತಿರುಗಲಿಲ್ಲ. ಹಾಗೇ ಕೇಳಿದರು.

"ಎಷ್ಟು ಜನ?"

"ಇಬ್ಬರು ಹೆಂಗಸರು, ಒಂದು ಮಗು."

"ರೂಮು ಉಂಟು. ಮಗುವಿಗೆ ಇಲ್ಲ."

ಮಗು ಅಮ್ಮನ ಜೊತೆಯೇ ಮಲಗುತ್ತದೆ, ಬೇರೆ ರೂಮು ಬೇಡ ಅಂದೆ. ಅದಲ್ಲ ಮಾರಾಯ್ರೆ, ಐದು ವರ್ಷದವರೆಗೆ ಫ್ರೀ, ಐದು ದಾಟಿದರೆ ಅದು ಮೂರನೇ ಪರ್ಸನ್, ಡಬಲ್ ರೂಮಿನಲ್ಲಿ ಮೂರು ಪರ್ಸನ್ ಆಗುವುದಿಲ್ಲ ಅಂದರು. ಎರಡನೇ ಲಾಡ್ಜಿನಲ್ಲಿ ಎಂಟು ವರ್ಷದವರೆಗೆ ಫ್ರೀ. ಖುಷಿಯಾಯಿತು. ಆದರೆ ಫ್ರೀ ಆಗುವುದು ಎಸಿ ರೂಮು ತೆಗೆದುಕೊಂಡರೆ ಮಾತ್ರ. ನಾನ್ ಎಸಿ ರೂಮಿನಲ್ಲಿ ಮಕ್ಕಳು ಬೇಗ ಬೆಳೀತಾರೆ ಅಂತ ಕಾಣುತ್ತದೆ. ಮೂರನೆಯವರು ವಯಸ್ಸು ಕೇಳಲೇ ಇಲ್ಲ. "ಎತ್ತರ ಎಷ್ಟು? ಇಲ್ಲಿ ನಿಂತರೆ ತಲೆ ಕಾಣ್ತದಾ?" ಅಂತ ಕೌಂಟರಿನ ಮರದ ಅಂಚನ್ನು ತಟ್ಟಿ ತೋರಿಸಿದರು. ಕಂಡರೆ ಚಾರ್ಜು, ಕಾಣದಿದ್ದರೆ ಇಲ್ಲ. ಮೂರರಲ್ಲಿ ಸ್ವಲ್ಪವಾದರೂ ವಿಜ್ಞಾನ ಇದ್ದದ್ದು ಇದರಲ್ಲೇ.

ಇವರನ್ನೇ ಯಾಕೆ ಅನ್ನಬೇಕು? ರೈಲಿನಲ್ಲಿ ಐದರೊಳಗಿನ ಮಗುವಿಗೆ ಟಿಕೆಟ್ ಬೇಡ. ಐದು ತುಂಬಿ ಹನ್ನೆರಡರೊಳಗಿದ್ದರೆ ಅರ್ಧ ಟಿಕೆಟ್, ಆದರೆ ಬರ್ತ್ ಇಲ್ಲ. ಬರ್ತ್ ಬೇಕು ಅಂದರೆ 2016ರಿಂದ ಪೂರ್ತಿ ಚಾರ್ಜು. ವಿಮಾನದವರಿಗೆ ಎರಡು ವರ್ಷ ತುಂಬಿದರೆ ಸಾಕು, ಬೇರೆ ಸೀಟು, ಬೇರೆ ದುಡ್ಡು. ಬೆಂಗಳೂರಲ್ಲಿ ರೈಲು ಹತ್ತುವಾಗ ಪೂರ್ತಿ ಮನುಷ್ಯನಾಗಿದ್ದ ನನ್ನ ಅಳಿಯ, ಉಡುಪಿಯ ಒಂದು ಲಾಡ್ಜಿನಲ್ಲಿ ಮಗು, ಇನ್ನೊಂದರಲ್ಲಿ ಪರ್ಸನ್, ಮತ್ತೊಂದರಲ್ಲಿ ಕೌಂಟರಿಗಿಂತ ಎರಡಿಂಚು ಜಾಸ್ತಿ.

ಅಳಿಯ ಅಂದಾಗ ನೆನಪಾಯಿತು. ಇದು ಅಳಿಯಸಂತಾನದ ನಾಡು. ಮಾವನ ಗದ್ದೆ, ತೋಟ, ಮನೆ ಎಲ್ಲ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿದ್ದ ಊರಲ್ಲಿ ನಾನು ನನ್ನ ಅಳಿಯನಿಗೆ ಮೂರಡಿ ಹಾಸಿಗೆ ಕೇಳಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ.

ಕೊನೆಗೆ ನಾಲ್ಕನೆಯದು ಸಿಕ್ಕಿತು. 1,800 ರೂಪಾಯಿ, ಮಗುವಿಗೆ ಎಕ್ಸ್‌ಟ್ರಾ ಬೆಡ್ 600. ಮೇಲೆ ಜಿಎಸ್‌ಟಿ. ಮೊದಲೆಲ್ಲ ದಿನಕ್ಕೆ 1,000 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಇರಲಿಲ್ಲ. 2022ರ ಜುಲೈಯಲ್ಲಿ ಅದಕ್ಕೂ 12 ಪರ್ಸೆಂಟ್ ಹಾಕಿದರು. 2025ರ ಸೆಪ್ಟೆಂಬರಿನಲ್ಲಿ 7,500 ರೂಪಾಯಿವರೆಗಿನ ರೂಮುಗಳಿಗೆಲ್ಲ 5 ಪರ್ಸೆಂಟ್ ಮಾಡಿದರು. ಹಾಗಾದರೆ ರೇಟು ಇಳಿದಿರಬೇಕಲ್ಲ ಅಂತ ಕೇಳಿದೆ. "ಸೀಸನ್ ಅಲ್ವಾ" ಅಂದರು. ಯಾವಾಗ ಸೀಸನ್ ಇಲ್ಲ ಅಂತಲೂ ಕೇಳಿದೆ. ಡಿಸೆಂಬರ್ ರಜೆ, ಜನವರಿಯಲ್ಲಿ ಪರ್ಯಾಯ, ಏಪ್ರಿಲ್ ಮೇಯಲ್ಲಿ ಮತ್ತೆ ರಜೆ, ಆಮೇಲೆ ಮಣಿಪಾಲದ ಅಡ್ಮಿಷನ್, ಅಷ್ಟಮಿಗೆ ವಿಟ್ಲಪಿಂಡಿ ಅಂತ ಬೆರಳು ಮಡಚುತ್ತಾ ಹೋದರು. ಬೆರಳು ಮುಗಿದವು, ಸೀಸನ್ ಮುಗಿಯಲಿಲ್ಲ.

ನನ್ನ ಹೆಸರಲ್ಲೇ ಬುಕ್ ಮಾಡಿ ಅಂದೆ. ಆಧಾರ್ ನೋಡಿ ವಾಪಸ್ ಕೊಟ್ಟರು. ಲೋಕಲ್ ಐಡಿಗೆ ರೂಮು ಇಲ್ಲ. ಸ್ವಂತ ಊರಲ್ಲಿ ಮಲಗುವವನ ಮೇಲೆ ಯಾಕಷ್ಟು ಅನುಮಾನ ಅಂತ ಯೋಚಿಸಿದೆ. ಅವರು ಯೋಚಿಸಿದ್ದೂ ಅರ್ಥವಾಯಿತು, ಬಾಯಿ ಮುಚ್ಚಿಕೊಂಡೆ.

ಮರುದಿನ ಶುಕ್ರವಾರ. ರೈಲು ಇವರನ್ನು ಇಂದ್ರಾಳಿಯ ಸ್ಟೇಷನ್ನಿನಲ್ಲಿ ಇನ್ನೂ ಕತ್ತಲಿರುವಾಗಲೇ ಇಳಿಸಿತು. ಲಾಡ್ಜಿನ ಚೆಕ್‌ಇನ್ ಮಧ್ಯಾಹ್ನ 12 ಗಂಟೆಗೆ. ಚೆಕ್‌ಔಟ್ ಬೆಳಗ್ಗೆ 10ಕ್ಕೆ. ಇದಕ್ಕೆ ಒಂದು ದಿನ ಅಂತ ಹೆಸರು. ಹುಡುಗ ಲಾಬಿಯ ಸೋಫಾದಲ್ಲಿ ಒರಗಿದ. ಕಣ್ಣು ಮುಚ್ಚಿದ ಕೂಡಲೇ ಒಬ್ಬರು ಬಂದು, "ಇಲ್ಲಿ ಮಲಗುವ ಹಾಗಿಲ್ಲ, ಕೂತುಕೊಳ್ಳಬಹುದು" ಅಂದರು. ಕೂತೇ ನಿದ್ದೆ ಮಾಡುವುದನ್ನು ಅವನಿಗೆ ಶಾಲೆಯಲ್ಲಿ ಇನ್ನೂ ಕಲಿಸಿಲ್ಲ. ಲಗೇಜು ಅಲ್ಲೇ ಬಿಟ್ಟು ರಥಬೀದಿಗೆ ಹೋದೆವು.

ನವಗ್ರಹ ಕಿಂಡಿಯಲ್ಲಿ ಅವನನ್ನು ಎತ್ತಿ ತೋರಿಸಿದೆ. "ಕೃಷ್ಣನಿಗೆ ಎಷ್ಟು ವರ್ಷ ಮಾಮ?" ಅಂದ. ನಿನ್ನ ಹಾಗೆಯೇ ಸಣ್ಣ ಹುಡುಗ, ಕೈಯಲ್ಲಿ ಕಡೆಗೋಲು ನೋಡು ಅಂತ ಅಜ್ಜಿ ಕಥೆ ಹೇಳಿದರು. ದ್ವಾರಕೆಯಿಂದ ಬಂದ ಹಡಗು ಮಲ್ಪೆ ಹತ್ತಿರ ಬಿರುಗಾಳಿಗೆ ಸಿಕ್ಕಿತಂತೆ. ಮಧ್ವಾಚಾರ್ಯರು ಅದನ್ನು ಪಾರು ಮಾಡಿದರು, ಹಡಗಿನಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಈ ಬಾಲಕೃಷ್ಣ ಇದ್ದ. ಕಥೆ ನೂರು ಸಲ ಕೇಳಿದ್ದೆ. ಆವತ್ತು ಮಾತ್ರ ಲೆಕ್ಕ ಬೇರೆ ಕಂಡಿತು. ಹೊರ ಊರಿನ ಮಗು. ಆಧಾರ್ ಇಲ್ಲ, ಅಡ್ವಾನ್ಸ್ ಇಲ್ಲ, ಲಗೇಜು ಅಂದರೆ ಒಂದು ಕಡೆಗೋಲು. ವಯಸ್ಸು ಎಷ್ಟು, ಎತ್ತರ ಎಷ್ಟು ಅಂತ ಯಾರೂ ಕೇಳಲಿಲ್ಲ. ಬೆಳ್ಳಿಯ ಕಿಂಡಿ ಇರುವ ರೂಮು ಸಿಕ್ಕಿತು. ಶತಮಾನಗಳಾದರೂ ಚೆಕ್‌ಔಟ್ ಆಗಿಲ್ಲ. ಒಂದು ಮಗುವನ್ನು ನೋಡಿಕೊಳ್ಳಲು ಎಂಟು ಮಠದವರು ಎರಡೆರಡು ವರ್ಷ ಸರದಿ ಹಾಕಿಕೊಂಡ ಊರು ಇದು. ಎರಡನೇ ಮಗು ಬಂದರೆ 600 ರೂಪಾಯಿ.

ಅಲ್ಲಿಂದ ಮಲ್ಪೆಗೆ. ಹುಡುಗ ಮರಳಿನಲ್ಲೇ ಮಲಗಿಬಿಟ್ಟ, ಯಾರೂ ಏಳಿಸಲಿಲ್ಲ. ದೂರದಲ್ಲಿ ಸೇಂಟ್ ಮೇರಿಸ್ ದ್ವೀಪ ಕಾಣುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದಿದ್ದ ಅಂತ ಹೇಳುತ್ತಾರೆ. ಇಷ್ಟು ಹತ್ತಿರ ಬಂದವನು ಊರೊಳಗೆ ಬಾರದೆ ಆ ಕಲ್ಲುಕಂಬಗಳ ನಡುವೆ ಯಾಕೆ ನಿಂತ ಅಂತ ನನಗೆ ಈಗ ಹೊಳೆದಿದೆ. ಮಕ್ಕಳನ್ನು ಕರೆತಂದಿದ್ದನೋ ಏನೋ.

12 ಗಂಟೆಗೆ ಸರಿಯಾಗಿ ಕೌಂಟರಿನ ಮುಂದೆ ನಿಂತೆವು. ಮೂವರದ್ದೂ ಆಧಾರ್ ಬೇಕು. ಅಳಿಯನದು ನೀಲಿ ಆಧಾರ್. ಐದರೊಳಗಿನ ಮಕ್ಕಳಿಗೆ ಕೊಡುತ್ತಾರಲ್ಲ, ಬೆರಳಚ್ಚು, ಕಣ್ಣು ಏನೂ ಇಲ್ಲದ್ದು, ಅದು. ಐದಾದ ಮೇಲೆ ಅಪ್‌ಡೇಟ್ ಮಾಡಿಸಬೇಕು, ತಂಗಿ ಮಾಡಿಸಿರಲಿಲ್ಲ. ಅದರಲ್ಲಿರುವುದು ನಾಲ್ಕು ತಿಂಗಳ ಕೂಸಿನ ಫೋಟೋ. ಬೋಳುತಲೆ, ದಿಟ್ಟಿಬೊಟ್ಟು, ಬಾಯಲ್ಲಿ ಹೆಬ್ಬೆರಳು. ಕೌಂಟರಿನವರು ಫೋಟೋ ನೋಡಿದರು. ಬಗ್ಗಿ ಹುಡುಗನನ್ನು ನೋಡಿದರು. ಮತ್ತೆ ಫೋಟೋ ನೋಡಿದರು.

"ಇದು ಇವನಲ್ಲ."

ಅಜ್ಜಿ ಮೊಮ್ಮಗನ ಗಲ್ಲ ಹಿಡಿದು ಎಡಕ್ಕೆ ತಿರುಗಿಸಿ, "ಕಿವಿ ನೋಡಪ್ಪ, ಕಿವಿ ಅದೇ" ಅಂದರು. ಅವರು ಕನ್ನಡಕ ಹಾಕಿಕೊಂಡು ಕಿವಿ ನೋಡಿದರು. ಒಪ್ಪಿಗೆಯಾಯಿತು. ಅಷ್ಟರಲ್ಲಿ ಹುಡುಗ ನನ್ನ ಅಂಗಿ ಜಗ್ಗಿ, "ಮಾಮ, ನೀನೂ ಇಲ್ಲೇ ಮಲಗ್ತೀಯಾ?" ಅಂತ ಇಡೀ ಲಾಬಿಗೆ ಕೇಳುವ ಹಾಗೆ ಕೇಳಿದ. ಕನ್ನಡಕ ನಿಧಾನವಾಗಿ ಹುಡುಗನಿಂದ ತಂಗಿಯ ಕಡೆಗೆ, ತಂಗಿಯಿಂದ ನನ್ನ ಕಡೆಗೆ ತಿರುಗಿತು. ಲೋಕಲ್ ಐಡಿಯವನು. "ವಿಸಿಟರ್ಸ್ ಒಂಬತ್ತು ಗಂಟೆವರೆಗೆ ಮಾತ್ರ" ಅಂದರು.

ಎಕ್ಸ್‌ಟ್ರಾ ಬೆಡ್ ಬಂತು. ರೂಮ್ ಬಾಯ್ ಅದನ್ನು ಬಗಲಲ್ಲಿ ಪೇಪರಿನ ಹಾಗೆ ಸುತ್ತಿ ತಂದ. ನೆಲಕ್ಕೆ ಬಿಡಿಸಿದ. ನಾವು ನೀರುದೋಸೆ ತಿಂದು ಬೆಳೆದವರು, ತೆಳು ಅಂದರೆ ಏನು ಅಂತ ಗೊತ್ತಿದೆ. ಆದರೂ ಇದು ಬೇರೆ ಮಟ್ಟದ್ದು. ಮೇಲೆ ಕೈ ಇಟ್ಟರೆ ಟೈಲ್ಸಿನ ಸಂದು ಲೆಕ್ಕ ಮಾಡಬಹುದಿತ್ತು. ನೀರುದೋಸೆಯಾದರೆ 600ಕ್ಕೆ ನಾಲ್ಕು ದಿನ ತಿನ್ನಬಹುದು. ಇದು ಬೇಡ, ಮನೆಯಿಂದ ಚಾಪೆ ತರುತ್ತೇನೆ ಅಂದೆ. ಹೊರಗಿನ ಚಾಪೆ ಅಲೌಡ್ ಇಲ್ಲವಂತೆ. ಹೊರಗಿನ ಊಟ ತರಬಾರದು ಅನ್ನುವುದನ್ನು ಕೇಳಿದ್ದೆ. ಚಾಪೆಗೂ ಆ ಮರ್ಯಾದೆ ಸಿಕ್ಕಿದ್ದು ಗೊತ್ತಿರಲಿಲ್ಲ.

ರಾತ್ರಿ ಹುಡುಗ ದೊಡ್ಡ ಮಂಚದಲ್ಲಿ ಅಡ್ಡಡ್ಡ ಮಲಗಿದ. ಅಜ್ಜಿ ಒಂದು ಅಂಚಿನಲ್ಲಿ. ಆ ದೋಸೆಯ ಮೇಲೆ ಮಲಗಿದ್ದು ನನ್ನ ತಂಗಿ.

ಬೆಳಗ್ಗೆ ಕಾಂಪ್ಲಿಮೆಂಟರಿ ತಿಂಡಿ ಇಬ್ಬರಿಗೆ ಮಾತ್ರ. ಎಕ್ಸ್‌ಟ್ರಾ ಬೆಡ್ಡಿಗೆ ಎಕ್ಸ್‌ಟ್ರಾ ಹೊಟ್ಟೆ ಸೇರಿಲ್ಲ. ಹುಡುಗ ಅಜ್ಜಿಯ ತಟ್ಟೆಯಿಂದ ಅರ್ಧ ಇಡ್ಲಿ ತಿಂದ, ಉಳಿದರ್ಧವನ್ನು ಸಾಂಬಾರಿನಲ್ಲಿ ಮುಳುಗಿಸಿ ಮೀನು ಅಂದ. ಬಿಲ್ಲಿನಲ್ಲಿ 'ಚೈಲ್ಡ್ ಬಫೆ, 225' ಅಂತ ಬಂತು. ನಾಲ್ಕು ಹೆಜ್ಜೆ ಆಚೆ ಮಠದಲ್ಲಿ ಸಾವಿರಾರು ಜನಕ್ಕೆ ಬಿಟ್ಟಿ ಊಟ ಹಾಕುವ ಊರಲ್ಲಿ ಅರ್ಧ ಇಡ್ಲಿಗೆ, ಅದೂ ಮೀನಾದ ಇಡ್ಲಿಗೆ, 225. ತಂಗಿ ಜಗಳಕ್ಕೆ ಹೊರಟಳು. ಅಜ್ಜಿ ತಡೆದರು. ಅವರಿಗೆ ಅದಕ್ಕಿಂತ ದೊಡ್ಡದೊಂದು ಕಂಡಿತ್ತು. ಎರಡನೇ ರಾತ್ರಿಯ ಎದುರು 2,900 ಅಂತ ಇತ್ತು.

"ಇವತ್ತು ಶನಿವಾರ ಅಲ್ವಾ ಅಮ್ಮ, ವೀಕೆಂಡ್ ರೇಟ್" ಅಂದರು ಕೌಂಟರಿನವರು.

"ಬೆಡ್ಡಿಗೆ?"

"ಅದಕ್ಕೂ ವೀಕೆಂಡ್. 900."

ಅಜ್ಜಿ ಕೈಚೀಲ ಎತ್ತಿಕೊಂಡರು. "ನಿಮ್ಮ ಮನೆ ಜಗಲಿಗೆ ಮಾಡಾದರೂ ಇದೆಯೇನಪ್ಪ?" ಅಂತ ನನ್ನನ್ನು ಕೇಳಿದರು. ಜಗಲಿಗೆ ಇದೆ, ಚಾವಡಿಗೆ ಇಲ್ಲ ಅಂದೆ. "ಸಾಕು ನಡಿ" ಅಂದರು.

ರಾತ್ರಿ ಇಬ್ಬರು ಹೆಂಗಸರು ಜಗಲಿಯಲ್ಲಿ, ನಾನು ಮತ್ತು ಅಳಿಯ ಚಾವಡಿಯಲ್ಲಿ ಎರಡು ಚಾಪೆ ಹಾಸಿ ಮಲಗಿದೆವು. ಹಂಚು ಇಲ್ಲದ ಮಾಡು. ಹೊಸ ಪಕ್ಕಾಸಿನ ಮರದ ವಾಸನೆ. ರೀಪುಗಳ ನಡುವೆ ಚೌಕ ಚೌಕವಾಗಿ ನಕ್ಷತ್ರ. ಹುಡುಗ ಬೆರಳು ತೋರಿಸಿ ಒಂದೊಂದು ಚೌಕ ಎಣಿಸುತ್ತಿದ್ದ. ನಿದ್ದೆ ಬಂತೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ ಕೇಳಿದ.

"ಮಾಮ, ಇಲ್ಲಿ ಚೆಕ್‌ಔಟ್ ಎಷ್ಟು ಗಂಟೆಗೆ?"

"ಏಳೂವರೆಗೆ. ಹಂಚಿನವರು ಬರ್ತಾರೆ."