ಸತ್ಯಾಂಶ: 8ಎ ಮೇಲೆ 8ಎ ಹಾಕಿದರೆ ಸಾಕೇ?

ಕಲಬುರಗಿಯ ಡಿಜೆ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಕ್ಯಾಮೆಲಾಟ್ ನಂಬರ್ ಒಂದೇ ಇದ್ದರೆ ಕಣ್ಣು ಮುಚ್ಚಿ ಮಿಕ್ಸ್ ಮಾಡಿ, ಅಪಸ್ವರ ಬರೋದೇ ಇಲ್ಲ.’

ಅರ್ಧ ನಿಜ. ಕ್ಯಾಮೆಲಾಟ್ ನಂಬರ್ ಅಂದರೆ ಹಾಡಿನ ಕೀಗೆ, ಅಂದರೆ ಅದರ ಶ್ರುತಿ ಮತ್ತು ಸ್ವರಶ್ರೇಣಿಗೆ, ಡಿಜೆಗಳು ಬಳಸುವ ಗುರುತು. 8ಎ ಅಂದರೆ ಎ ಮೈನರ್ ಕೀ. ಅದಕ್ಕೆ 7ಎ, 9ಎ, 8ಬಿ ಕೂಡ ಸಾಮಾನ್ಯವಾಗಿ ಹೊಂದುತ್ತವೆ. ಆದರೆ ಆ ನಂಬರ್ ಹಾಡಿನ ಮೂಲ ವೇಗಕ್ಕೆ ಮಾತ್ರ. ಕೀ ಲಾಕ್ (ವೇಗ ಬದಲಾದರೂ ಶ್ರುತಿ ಹಿಡಿದಿಡುವ ಸೌಲಭ್ಯ) ಇಲ್ಲದೆ 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ಟ್ರ್ಯಾಕನ್ನು ಸುಮಾರು 95ಕ್ಕೆ, ಅಂದರೆ ಹತ್ತಿರಹತ್ತಿರ ಶೇ 6ರಷ್ಟು ಏರಿಸಿದರೆ ಶ್ರುತಿಯೂ ಅರ್ಧ ಸ್ವರ ಏರುತ್ತದೆ. 8ಎ ಇದ್ದದ್ದು 3ಎ ಆಯಿತು! ಭಜನೆಯಲ್ಲಿ ಪೇಟಿ ಕಪ್ಪು ಒಂದರಲ್ಲಿ, ಹಾಡುವವರು ಬಿಳಿ ಒಂದರಲ್ಲಿ ಇದ್ದಹಾಗೆ. ಕೀ ಲಾಕ್ ಹಾಕಿದರೆ ಶ್ರುತಿ ನಿಲ್ಲುತ್ತದೆ, ಹೆಚ್ಚು ಎಳೆದರೆ ನಾದ ಒಡೆಯುತ್ತದೆ.

ಡೌನ್‌ಟೆಂಪೋ ಎಂಬ ನಿಧಾನಗತಿಯ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಈ ಅಪಸ್ವರ ಇನ್ನೂ ಎದ್ದು ಕೇಳುತ್ತದೆ, ಏಕೆಂದರೆ ಪ್ಯಾಡ್ ಎನ್ನುವ ಉದ್ದನೆಯ ಹಿನ್ನೆಲೆ ನಾದಗಳು ನಿಮಿಷಗಟ್ಟಲೆ ಒಂದರ ಮೇಲೊಂದು ತೇಲುತ್ತವೆ. ಮದುವೆ ಮೆರವಣಿಗೆಯ ಡೋಲಿನ ಅಬ್ಬರದಲ್ಲಾದರೆ ಯಾರ ಗಮನಕ್ಕೂ ಬಾರದು.

ಮತ್ತೆ, ಕೀ ಗುರುತಿಸುವುದು ತಂತ್ರಾಂಶದ ಅಂದಾಜು ಅಷ್ಟೇ. ಸ್ಪಷ್ಟ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಇಲ್ಲದ ಟ್ರ್ಯಾಕ್‌ನಲ್ಲಿ ಅದು ಎಡವುತ್ತದೆ. ಹೆಡ್‌ಫೋನ್‌ನಲ್ಲಿ ಎರಡನ್ನೂ ಕೇಳಿ, ಒಂದರ ಬೇಸ್ ಇಳಿಸಿ, ಆಮೇಲೆ ಫೇಡರ್ (ಧ್ವನಿ ಏರಿಳಿಸುವ ಜಾರುಗುಂಡಿ) ಮುಟ್ಟಿ. ಬರೀ ತಾಳವಿರುವ ಇಂಟ್ರೊ ಇದ್ದರೆ ನಂಬರ್ ನೋಡುವ ಅಗತ್ಯವೂ ಅಷ್ಟಿಲ್ಲ.